ಒಂದು ಕೇಬಲ್ಲು, ಎರಡು ತಂತಿ, ಒಂದು ಸೌಟು ಒಗ್ಗರಣೆ

ಬೆಳಿಗ್ಗೆಯಿಂದ ಆದ ಕೆಲಸ ಇಷ್ಟು. ಹಾಲು ಕಾಯಿಸಿದೆ. ಅಪ್ಪನಿಗೆ ಬಿ.ಪಿ. ಮಾತ್ರೆ ಕೊಟ್ಟು, ಅದು ಗಂಟಲಿಗೆ ಇಳಿಯಿತೋ ಅಂಗಿಯ ಜೇಬಿಗೆ ಇಳಿಯಿತೋ ಎಂದು ಎದುರಿಗೇ ನಿಂತು ನೋಡಿದೆ. ನಲ್ಲಿ ಬಂದಾಗ ತೊಟ್ಟಿ ತುಂಬಿಸಿದೆ. ಪಕ್ಕದ ಮನೆಯವರ ಡಬ್ಬಿಯನ್ನು ಖಾಲಿ ಕೊಡಬಾರದಲ್ಲ ಎಂದು ನಾಲ್ಕು ನಿಂಬೆಹಣ್ಣು ಹಾಕಿ ಕೊಟ್ಟೆ. ಕರಿಬೇವಿನ ಗಿಡದ ಹುಳ ಆರಿಸಿದೆ. ನಾಳೆಯ ದೋಸೆಗೆ ನೆನೆಹಾಕಿದೆ. ತಾರಸಿಯ ಮೇಲೆ ಬಣ್ಣ ಬಳಿಯುತ್ತಿದ್ದ ಮುನ್ನಾನಿಗೆ ಎರಡು ಸಲ ಚಹಾ ಕಳಿಸಿದೆ. ಮೂರನೆಯ ಸಲ ಅವನೇ ಕೆಳಗಿಳಿದು ಬಂದ, ಚಹಾಕ್ಕಲ್ಲ. ಅವನ ಕೈಯಲ್ಲಿ ಒಂದು ತಂತಿಯ ಸಿಂಬೆ ಇತ್ತು.

"ಅಮ್ಮಾ, ಮೇಲೆ ಕಂಬಕ್ಕೆ ಇದು ಕಟ್ಟಿತ್ತು. ಬ್ರಶ್ಶಿಗೆ ಅಡ್ಡ ಬರ್ತಿತ್ತು, ಬಿಚ್ಚಿಬಿಟ್ಟೆ. ಗುಜರಿಗೆ ಹಾಕ್ಲಾ?"

ಸಿಂಬೆಯ ನಡುವೆ ಸಾಬೂನು ಡಬ್ಬಿಯ ಮುಚ್ಚಳ. ಒಂದು ಕಾಲದಲ್ಲಿ ಗುಲಾಬಿ ಬಣ್ಣದ್ದು. ಈಗ ಹಳೆಯ ಹಲ್ಲಿನ ಬಣ್ಣ. ಅದರ ಆಚೆಗೆ ಎರಡು ತಂತಿ, ಈಚೆಗೆ ಎರಡು ತಂತಿ, ತಾಮ್ರವೆಲ್ಲ ಹಸಿರುಗಟ್ಟಿತ್ತು. ಯಾರಿಗೆ ತೋರಿಸಿದರೂ ಗುಜರಿಯೆಂದೇ ಹೇಳಿಯಾರು.

"ನಿನ್ನನ್ನೇ ಗುಜರಿಗೆ ಹಾಕ್ತೀನಿ ಮಾರಾಯ, ಅಲ್ಲೇ ಇಡು" ಎಂದೆ. ಅವನು ಇಟ್ಟ. ನಾನು ಅದರ ಪಕ್ಕ ಕೂತೆ. ಕೂತವಳು ಏಳಲು ಬಹಳ ಹೊತ್ತು ಹಿಡಿಯಿತು. ಸಾರಿನ ಬೇಳೆ ತಳ ಹಿಡಿದದ್ದು ಆಗಲೇ.

ನಿಮಗೆ ಹ್ಯಾಮ್ ರೇಡಿಯೊ ಎಂದರೇನೆಂದು ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ಅದರ ನಡುವೆಯೇ ಹುಟ್ಟಿ ಬೆಳೆದ ನನಗೂ ಗೊತ್ತಿರಲಿಲ್ಲ. ಮನೆಯಲ್ಲೇ ಒಂದು ರೇಡಿಯೊ ನಿಲಯ ಇಟ್ಟುಕೊಂಡು, ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸು ಪಡೆದು, ಮುಖ ಕಾಣದ ಜನರೊಂದಿಗೆ ಮಾತಾಡುವುದು. ಮಾತು ಎಂದರೇನು? "ನೀವು ನನಗೆ ಚೆನ್ನಾಗಿ ಕೇಳಿಸುತ್ತಿದ್ದೀರಿ, ನಾನು ನಿಮಗೆ ಹೇಗೆ ಕೇಳಿಸುತ್ತಿದ್ದೇನೆ?" ಇಷ್ಟೇ. ಕೇಳಿಸುತ್ತಿದೆ ಎಂದು ಗೊತ್ತಾದ ಕೂಡಲೇ ನಮಸ್ಕಾರ ಹೇಳಿ ಮುಂದಿನವರನ್ನು ಹುಡುಕುತ್ತಾರೆ. ಮನೆಯವರೆಲ್ಲ ಚೆನ್ನಾಗಿ ಕೇಳಿಸುತ್ತಲೇ ಇದ್ದರೂ ಅವರನ್ನು ಕೇಳಿಸಿಕೊಳ್ಳದ ಗಂಡಸರಿಗೆ ಹೇಳಿಮಾಡಿಸಿದ ಹವ್ಯಾಸ.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯನ್ನು ಜನ ಗುರುತಿಸುತ್ತಿದ್ದದ್ದು ನಂಬರಿನಿಂದಲ್ಲ, ನೇರಳೆ ಮರದಿಂದ ಹೊರಟು ಮನೆಯ ನೆತ್ತಿ ದಾಟಿ ಹೋಗುತ್ತಿದ್ದ ತಂತಿಯಿಂದ. ಎದುರು ಮನೆಯ ತಮಿಳು ಅಜ್ಜಿಗೆ ಅದರ ಮೇಲೆ ಅನುಮಾನ. ಮಳೆ ಬಾರದಿದ್ದರೆ ಅಪ್ಪನೇ ಕಾರಣ ಎನ್ನುತ್ತಿದ್ದಳು, ಜಾಸ್ತಿ ಬಂದರೂ ಅಪ್ಪನೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಶಿವಮೊಗ್ಗದಿಂದ ಹೈಸ್ಕೂಲು ಗಣಿತದ ಮೇಷ್ಟ್ರೊಬ್ಬರು ನನ್ನನ್ನು ನೋಡಲು ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಹಾಡಲು ಬರುತ್ತದೆಯೇ ಎಂದು ಕೇಳುತ್ತಾರೆಂದು ನಾನು ಒಂದು ದೇವರನಾಮ ಕಲಿತಿಟ್ಟುಕೊಂಡಿದ್ದೆ. ಅವರು ಕೇಳಿದ್ದು, "ಆ ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ?" ಅವರಿಗೂ ಹೊಸದಾಗಿ ಲೈಸೆನ್ಸು ಬಂದಿತ್ತಂತೆ. ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು. ಜಾತಕ ಆಮೇಲೆ ತರಿಸಿದರು, ಶಾಸ್ತ್ರಕ್ಕೆ.

ಮದುವೆಯಲ್ಲಿ ಅಮ್ಮ ಪಾತ್ರೆ ಕೊಟ್ಟರು. ಅಪ್ಪ ಒಂದು ಸುರುಳಿ ಕಪ್ಪು ಕೇಬಲ್ಲು ಕೊಟ್ಟರು, ಅರಿಶಿನ ಕುಂಕುಮ ಹಚ್ಚಿ. ತಂತಿಯಿಂದ ರೇಡಿಯೊಗೆ ಸಂಪರ್ಕ ತರುವ ದಪ್ಪ ಕೇಬಲ್ಲು ಅದು. ಆಗ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಛತ್ರದಲ್ಲಿ ಉಡುಗೊರೆ ನೋಡುತ್ತಿದ್ದ ದೊಡ್ಡತ್ತೆಯೊಬ್ಬರು ಅದನ್ನು ಒತ್ತಿ ನೋಡಿ, "ಗಂಡಿನ ಮನೇಲಿ ನೀರಿನ ತೊಂದ್ರೆಯಾ ಪಾಪ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಹೀಗೆ ವಿನೋಬನಗರದ ಬಾಡಿಗೆ ಮನೆಯ ತಾರಸಿಯ ಮೇಲೆ ಬಿದಿರು ಕಂಬ ಎದ್ದಿತು. ಮನೆಯ ಮಾಲೀಕ ಬಶೀರ್ ಸಾಹೇಬರು ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. "ಮೇಷ್ಟ್ರೇ, ಎಷ್ಟು ಬೇಕಾದ್ರೂ ಮಾತಾಡ್ಕೊಳ್ಳಿ. ಆದ್ರೆ ನನ್ನ ಗೋಡೆಗೆ ಒಂದೇ ತೂತು" ಎಂದು ಕರಾರು ಹಾಕಿದರು. ಒಂದೇ ತೂತು, ಒಂದೇ ಕೇಬಲ್ಲು. ಅದರ ತುದಿಗೆ ಅಪ್ಪನೇ ಬಂದು, ಸಾಬೂನು ಡಬ್ಬಿಯ ಮುಚ್ಚಳಕ್ಕೆ ಎರಡು ಭಾಗವಾಗಿ ಬಿಗಿದು, ಒಂದು ಉದ್ದದ ತಂತಿ ಕಟ್ಟಿಕೊಟ್ಟು ಹೋದರು. ಕಂಬದಿಂದ ಆಚೆಗೊಂದು ಈಚೆಗೊಂದು ರೆಕ್ಕೆಯಂತೆ ಇಳಿದು ಕಾಂಪೌಂಡು ಮುಟ್ಟುತ್ತಿತ್ತು. ಅದು ಹತ್ತಿರದ ಊರುಗಳಿಗೆ. ರೇಡಿಯೊದ ಮುಳ್ಳನ್ನು ಏಳು ಮೆಗಾಹರ್ಟ್ಸಿಗೆ ತಿರುಗಿಸಿದರೆ ಭದ್ರಾವತಿ.

ದಿನಾ ಬೆಳಿಗ್ಗೆ ಏಳು ಗಂಟೆಗೆ ಅಪ್ಪ ರೇಡಿಯೊದಲ್ಲಿ ಬರುತ್ತಿದ್ದರು. "ಗುಡ್ ಮಾರ್ನಿಂಗ್ ಅಳಿಯಂದಿರೇ. ಇಲ್ಲಿ ಮೋಡ. ಫ್ಯಾಕ್ಟರಿ ಸೈರನ್ ಆಯ್ತು. ನಿಮ್ಮ ಕಡೆ ಹೇಗೆ?" "ಇಲ್ಲೂ ಮೋಡ, ಮಾವನವರೇ." ಇದನ್ನೇ ಹಿಂದೆ ಮುಂದೆ ಮಾಡಿ ಕಾಲು ಗಂಟೆ. ನಾನು ಪಕ್ಕದಲ್ಲೇ ತರಕಾರಿ ಹೆಚ್ಚುತ್ತ ಕೂರುತ್ತಿದ್ದೆ. ಮಾತಾಡುವ ಹಾಗಿಲ್ಲ, ಲೈಸೆನ್ಸಿಲ್ಲದವರು ಮೈಕು ಮುಟ್ಟಬಾರದು. ಅಪ್ಪ ಕಾನೂನಿಗೆ ಹೆದರುವವರಲ್ಲ, ಕಾನೂನನ್ನು ಪ್ರೀತಿಸುವವರು. "ಅವಳಿಗೆ ಹೇಳಿ" ಎಂದು ಕೂಡ ಒಂದು ದಿನ ಅನ್ನಲಿಲ್ಲ. ಮೊದಮೊದಲು ನನಗೆ ಸಿಟ್ಟೇ ಬಂದಿತ್ತು. ಹೊಸ ಮನೆ, ಹೊಸ ಊರು, ಮಧ್ಯಾಹ್ನವಿಡೀ ಗೋಡೆಯ ಜೊತೆ ಮಾತು. ಸ್ವಂತ ಅಪ್ಪನ ಬಾಯಲ್ಲಿ ಬರೀ ಮೋಡ.

ಆದರೆ ಆ ಮೋಡದ ಹಿಂದೆ ಬೇರೊಂದು ಕೇಳಿಸುತ್ತಿತ್ತು. ಚಟಪಟ ಸಾಸಿವೆ. ಚುಂಯ್ ಎಂದು ಕರಿಬೇವು. ಅಮ್ಮನ ಅಡುಗೆಮನೆ!

ಅಲ್ಲಿಂದ ಮುಂದೆ ನನಗೆ ಬೆಳಗಾಗುತ್ತಿದ್ದದ್ದೇ ಅದಕ್ಕೆ. ಒಗ್ಗರಣೆಯ ಮೇಲೆ ನೀರು ಬಿದ್ದ ಸದ್ದು ಬಂದರೆ ಉಪ್ಪಿಟ್ಟು, ಬಾರದಿದ್ದರೆ ಚಿತ್ರಾನ್ನ. ಪಟಪಟ ತಟ್ಟಿದರೆ ಅಕ್ಕಿರೊಟ್ಟಿ. ಇಡ್ಲಿ ಮೂಕ ತಿಂಡಿ. ಆ ದಿನ ಅಮ್ಮ ಮುಚ್ಚಳ ಢಣ್ ಎಂದು ಬೀಳಿಸುತ್ತಿದ್ದಳು. ಸಾಸಿವೆ ಜೋರಾಗಿ ಸಿಡಿದರೆ ಅಮ್ಮ ಗೆಲುವಾಗಿದ್ದಾಳೆ, ಸೀದು ಸುಮ್ಮನಾದರೆ ಅಪ್ಪನ ಮೇಲೆ ಮುನಿಸು. ನಾನೂ ಅಂದೇ ಅದೇ ತಿಂಡಿ ಮಾಡುತ್ತಿದ್ದೆ. ಅಲ್ಲೂ ಇಲ್ಲೂ ಒಂದೇ ಪಂಕ್ತಿ ಕೂತಂತಾಗುತ್ತಿತ್ತು. ಮೇಷ್ಟ್ರಿಗೆ, ಅಂದರೆ ನನ್ನ ಗಂಡನಿಗೆ, ಮೂರು ದಿನ ಸತತ ಉಪ್ಪಿಟ್ಟು ಯಾಕೆಂದು ಅರ್ಥವಾಗುತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಮೇಷ್ಟ್ರಿಗೆ ಭದ್ರಾವತಿಯ ಮೋಡ ಎಷ್ಟು ದಿನ ಸಾಕಾದೀತು? ಅವರಿಗೆ ವಿದೇಶ ಬೇಕಾಯಿತು. ಅದಕ್ಕೆ ಹದಿನಾಲ್ಕರ ಅಲೆ, ಅದಕ್ಕೆ ಅರ್ಧ ಉದ್ದದ ಬೇರೆ ತಂತಿ. ಹದಿನಾಲ್ಕರ ಅಲೆ ಆಕಾಶಕ್ಕೆ ಹಾರಿ ದೂರದೇಶದಲ್ಲಿ ಇಳಿಯುತ್ತದಂತೆ. ನಡುವಿನ ಊರುಗಳ ನೆತ್ತಿಯ ಮೇಲೆ ಹಾಗೇ ಹಾದುಹೋಗುತ್ತದಂತೆ, ಎಕ್ಸ್‌ಪ್ರೆಸ್ ಬಸ್ಸು ನಡುದಾರಿಯ ಮಾಚೇನಹಳ್ಳಿಯಲ್ಲಿ ನಿಲ್ಲದ ಹಾಗೆ. ಅದರಲ್ಲಿ ರಷ್ಯಾ ಕೇಳುತ್ತದೆ, ಭದ್ರಾವತಿ ಕೇಳುವುದಿಲ್ಲ.

ಎರಡು ತಂತಿ ಸರಿ, ಇನ್ನೊಂದು ಕೇಬಲ್ಲು ಎಲ್ಲಿ? ಇನ್ನೊಂದು ತೂತೆಲ್ಲಿ? ಏಳರಲ್ಲಿ ಕೇಳಿದ್ದಕ್ಕೆ ಅಪ್ಪ ಅಂದರು, "ಎರಡನ್ನೂ ಒಂದೇ ಕೇಬಲ್ಲಿಗೆ ಕಟ್ಟಿಬಿಡೋಣ ಅಳಿಯಂದಿರೇ. ಏಳಕ್ಕೆ ತಿರುಗಿಸಿದ್ರೆ ಉದ್ದದ್ದು ಕೆಲಸ ಮಾಡುತ್ತೆ, ಸಣ್ಣದು ಸುಮ್ನಿರುತ್ತೆ. ಹದಿನಾಲ್ಕಕ್ಕೆ ಸಣ್ಣದು ಮಾಡುತ್ತೆ, ಉದ್ದದ್ದು ಸುಮ್ನಿರುತ್ತೆ." ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವ ಏರ್ಪಾಡು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲವೆಂದು ನಾನು ಬದನೆಕಾಯಿಗೆ ಹೇಳಿದೆ. ಮೇಷ್ಟ್ರು ಪುಸ್ತಕ ನೋಡಿ, ಆಗುತ್ತದೆ ಎಂದರು; ಆದರೆ ಜೊತೆಗೆ ಕಟ್ಟಿದರೆ ಒಂದರ ಅಳತೆಯನ್ನು ಇನ್ನೊಂದು ಕೆಡಿಸುತ್ತದೆ, ಎರಡನ್ನೂ ಮತ್ತೆ ಕತ್ತರಿಸಿ ಹೊಂದಿಸಬೇಕು.

ಹೊಂದಿಸುವುದು ಹೇಗೆಂದರೆ, ರೇಡಿಯೊದ ಪಕ್ಕ ಒಂದು ಮೀಟರು ಇರುತ್ತದೆ. ನಾವು ಮೇಲೆ ಕಳಿಸಿದ್ದರಲ್ಲಿ ಎಷ್ಟು ವಾಪಸು ಬಂತೆಂದು ಅದು ತೋರಿಸುತ್ತದೆ. ಪಕ್ಕದ ಮನೆಗೆ ಪಾಯಸ ಕಳಿಸಿದರೆ ವಾಪಸು ಡಬ್ಬಿ ಖಾಲಿ ಬರಬಾರದು, ಆದರೆ ನಮ್ಮ ಪಾಯಸವೇ ವಾಪಸು ಬಂದರೆ ಅವಮಾನವಲ್ಲವೇ, ಹಾಗೆ. ಜಾಸ್ತಿ ವಾಪಸು ಬಂದರೆ ತಂತಿಯ ತುದಿಯನ್ನು ಚೂರು ಕತ್ತರಿಸಿ ಮತ್ತೆ ನೋಡಬೇಕು. ಕತ್ತರಿಸುವವರು ತಾರಸಿಯ ಮೇಲೆ, ಮೀಟರು ನೋಡುವವರು ಕೆಳಗಿನ ಕೋಣೆಯಲ್ಲಿ. ಕೂಗದೆ ಒಬ್ಬರ ದನಿ ಒಬ್ಬರಿಗೆ ಕೇಳುವುದಿಲ್ಲ. ಆದ್ದರಿಂದ ಮೆಟ್ಟಿಲ ನಡುವೆ ನಾನು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ರೇಡಿಯೊದಲ್ಲಿ ಅಷ್ಟು ಮಾತಾಡುವ ಈ ಇಬ್ಬರು ಎದುರಾಬದುರಾದರೆ ಮೂಕರು. ನಮ್ಮ ಮನೆಗಳಲ್ಲಿ ಅಳಿಯನೆಂದರೆ ದೇವರ ಪಕ್ಕದ ಮಣೆ. ಅವನಿಗೆ ಕೆಲಸ ಹೇಳಬಾರದು. ಪ್ರಶ್ನೆ ಕೇಳಬಾರದು, ಕೇಳಿದರೆ ಅವನ ತಿಳಿವಳಿಕೆಯ ಮೇಲೆ ಅನುಮಾನಪಟ್ಟಂತೆ. ಅಳಿಯನಾದವನು ಮಾವನಿಗೆ ಎದುರು ಹೇಳಬಾರದು, ಹೇಳಿದರೆ ಸೊಕ್ಕು. ಹಾಗಾಗಿ ಮಧ್ಯದಲ್ಲಿ ನಾನಿಲ್ಲದೆ ಅವರ ನಡುವೆ ಒಂದು ಲೋಟ ನೀರು ಕೂಡ ಹರಿಯುತ್ತಿರಲಿಲ್ಲ. "ಅವರಿಗೆ ಇನ್ನೊಂದ್ಚೂರು ಪಲ್ಯ ಬೇಕಾ ಕೇಳು." "ಅವರಿಗೆ ಬೇಡ ಅಂತ ಹೇಳು." ಇಬ್ಬರೂ ಅಕ್ಕಪಕ್ಕದ ಬಾಳೆಲೆಗೆ ಕೂತೇ.

ಆ ಭಾನುವಾರ ಅಪ್ಪ ಬಂದರು. ಸಣ್ಣ ತಂತಿಯನ್ನೂ ಅದೇ ಸಾಬೂನು ಮುಚ್ಚಳಕ್ಕೆ ಬಿಗಿದು, ಅದರ ತುದಿಗಳನ್ನು ತಾರಸಿಯ ಕಟ್ಟೆಗೆ ಕಟ್ಟಿದರು. ಮೇಷ್ಟ್ರು ಕೆಳಗೆ ಮೀಟರಿನ ಮುಂದೆ ಕೂತರು.

"ಹೇಗಿದೆ ಕೇಳು."

"ರೀ, ಹೇಗಿದೆ?"

"ಜಾಸ್ತಿ ವಾಪಸ್ ಬರ್ತಿದೆ ಅಂತ ಹೇಳು."

ಅಪ್ಪ ಸಣ್ಣ ತಂತಿಯ ಎರಡು ತುದಿಯಲ್ಲೂ ಚೂರು ಕತ್ತರಿಸಿದರು. "ಈಗ ನೋಡ್ಬೇಕಂತೆ." "ಹಾಗೇ ಇದೆ ಅಂತ ಹೇಳು." ಮತ್ತೆ ಚೂರು. ಹಾಗೇ ಇದೆ. ಮತ್ತೆ. ಹಾಗೇ ಇದೆ. ನಾನು ಮೇಲೆ ಹೋದಾಗ ಅಪ್ಪನ ಹಣೆಯಲ್ಲಿ ಬೆವರು, ಕೆಳಗೆ ಹೋದಾಗ ಮೇಷ್ಟ್ರ ಹಣೆಯಲ್ಲಿ ಬೆವರು. ನಡುವೆ ಇಬ್ಬರಿಗೂ ಕಾಫಿ ಕೊಟ್ಟೆ; ಕೆಳಗೆ ಲೋಟ ಇಡುವಾಗ ರೇಡಿಯೊದ ಮುಳ್ಳು ಏಳರ ಮೇಲೆ ನಿಂತಿದ್ದನ್ನು ನೋಡಿದೆ. ನೋಡಿದೆ ಅಷ್ಟೇ. ದೇವಸ್ಥಾನದ ಬಾಗಿಲಲ್ಲಿ ಕೂತ ಹೂವಾಡಗಿತ್ತಿಗೆ ಮಂತ್ರ ಬರಬೇಕೆಂದೇನಿದೆ?

ಸಾಯಂಕಾಲ ಅಪ್ಪ ಕೈಕಾಲು ತೊಳೆದುಕೊಂಡು, "ಜಾಗದ ದೋಷ ಇರ್ಬೇಕು. ಅಳಿಯಂದಿರು ನಿಧಾನಕ್ಕೆ ನೋಡ್ಕೊಳ್ತಾರೆ ಬಿಡು" ಎಂದು ನನಗೆ ಹೇಳಿ ಬಸ್ಸು ಹತ್ತಿದರು. ಅವರು ಹೋದ ಮೇಲೆ ಮೇಷ್ಟ್ರು ಮುಳ್ಳನ್ನು ಹದಿನಾಲ್ಕಕ್ಕೆ ತಿರುಗಿಸಿದರು. ಕಳಿಸಿದ್ದೆಲ್ಲ ವಾಪಸು. ಮೇಲೆ ಹೋಗಿ ಟೇಪು ಹಿಡಿದರು. ಸಣ್ಣ ತಂತಿ ಮೋಟು ಜಡೆಯಾಗಿತ್ತು. ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದು ಇಳಿದು ಬಂದು, "ಮಾವನವರಿಗೆ ನಾನು ಫಾರಿನ್ ಮಾತಾಡೋದು ಇಷ್ಟ ಇಲ್ಲ ಅನ್ಸುತ್ತೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮರ್ಯಾದೆ ಇತ್ತು. ಅದು ಸಿಟ್ಟಿಗಿಂತ ಕೆಟ್ಟದ್ದು.

ಮಾರನೆಯ ದಿನ ಎರಡೂ ತಂತಿ ಇಳಿಸಿದರು. ಅಪ್ಪನ ಉದ್ದದ ತಂತಿಯನ್ನು ನೀಟಾಗಿ ಸುತ್ತಿ ಅಟ್ಟದ ಮೇಲಿಟ್ಟರು. ಹೊಸದಾಗಿ ಕತ್ತರಿಸಿದ ಸಣ್ಣ ತಂತಿಯೊಂದನ್ನೇ ಕೇಬಲ್ಲಿಗೆ ಕಟ್ಟಿದರು. ಆಮೇಲೆ ನಮ್ಮ ಮನೆಗೆ ರಷ್ಯಾದವರು ಬಂದರು, ಜಪಾನಿನವರು ಬಂದರು. ಬೆಳಿಗ್ಗೆ ಏಳಕ್ಕೆ ಯಾರೂ ಬರಲಿಲ್ಲ.

"ರೀ, ಉದ್ದದ್ದನ್ನೂ ಕಟ್ರೀ" ಎಂದೆ ಒಂದು ದಿನ.

"ಅದು ಅವರು ಕಟ್ಟಿದ್ದು. ಅವರನ್ನ ಕೇಳ್ದೆ ಹೇಗೆ ಕಟ್ಲಿ?"

"ಹಾಗಿದ್ರೆ ಕೇಳಿ."

"ಕೇಳಿದ್ರೆ ಬೇಜಾರು ಮಾಡ್ಕೊಂಡ್ರೆ?"

ಅಪ್ಪನೂ ಸಾಮಾನ್ಯರಲ್ಲ. ಬಶೀರ್ ಸಾಹೇಬರ ಅಂಗಡಿಗೆ ಫೋನು ಮಾಡಿ, "ಅಳಿಯಂದಿರಿಗೆ ಕೆಲಸ ಜಾಸ್ತಿ ಇರ್ಬೇಕು, ತೊಂದ್ರೆ ಕೊಡ್ಬೇಡ" ಎಂದು ನನಗೆ ಹೇಳಿ ಕಳಿಸಿದರು. ಜಗಳವಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಇದು ಮರ್ಯಾದೆ, ವರ್ಷಗಟ್ಟಲೆ ಕೆಡದೆ ಇರುತ್ತದೆ, ಉಪ್ಪಿನಕಾಯಿಯ ಹಾಗೆ. ನನಗೆ ಮಾತ್ರ ಬೆಳಿಗ್ಗೆ ಎದ್ದರೆ ಏನು ತಿಂಡಿ ಮಾಡುವುದೆಂದೇ ತೋಚುತ್ತಿರಲಿಲ್ಲ. ಸಾಸಿವೆ ಹಾಕುವಾಗ ಕೈ ನಿಲ್ಲುತ್ತಿತ್ತು. ಅಲ್ಲಿ ಇವತ್ತು ಸಿಡಿಯಿತೋ ಸೀದುಹೋಯಿತೋ?

ಹೀಗೇ ಇರಲಾರದೆ ಒಂದು ದಿನ ತವರಿಗೆ ತಿಳಿಸದೆ ಮೊದಲ ಬಸ್ಸು ಹತ್ತಿದೆ. ಮೇಷ್ಟ್ರಿಗೆ ಅಮ್ಮನ ಡಬ್ಬಿಗಳನ್ನು ವಾಪಸು ಕೊಡಬೇಕೆಂದು ಹೇಳಿದ್ದೆ. ನ್ಯೂ ಟೌನಿನಲ್ಲಿ ಇಳಿದು ಮನೆ ಮುಟ್ಟುವಾಗ ಸೈರನ್ ಕೂಗುತ್ತಿತ್ತು. ಮುಂಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ ಅಪ್ಪ ರೇಡಿಯೊ ಎದುರು, ನನಗೆ ಬೆನ್ನು ಹಾಕಿ ಕೂತಿದ್ದರು. ಮೈಕು ಅವರ ಬಾಯಿಯ ಹತ್ತಿರ ಇರಲಿಲ್ಲ. ಕೈ ಚಾಚಿ ಪಕ್ಕಕ್ಕೆ, ಕೆಳಗೆ ಹಿಡಿದಿದ್ದರು. ಕೆಳಗೆ ಅಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಬತ್ತಿ ಸ್ಟೋವು, ಸ್ಟೋವಿನ ಮೇಲೆ ಒಗ್ಗರಣೆ ಸೌಟು. ಸಾಸಿವೆ ಚಟಪಟ ಸಿಡಿಯಿತು. ಅಪ್ಪ ಅದು ಪೂರ್ತಿ ಮುಗಿಯುವವರೆಗೆ ಮೈಕನ್ನು ಅಲ್ಲಾಡದಂತೆ ಹಿಡಿದು, ಆಮೇಲೆ ಗುಂಡಿ ಬಿಟ್ಟರು. ರೇಡಿಯೊದಲ್ಲಿ ಬರೀ ಸೊಂಯ್.

"ಇವತ್ತೂ ಇಲ್ಲ ಕಣೇ" ಎಂದರು ಅಪ್ಪ.

"ಇನ್ನೊಂದ್ಸಲ ಹಾಕ್ಲಾ?"

"ಸುಮ್ನೆ ಸಾಸಿವೆ ದಂಡ."

"ಹಾಕ್ತೀನಿ ಇರಿ. ಕೇಳ್ದೆ ಇದ್ರೆ ನಿಮ್ಮ ಸಾರಿಗೆ ಆಗುತ್ತೆ."

ಅಡುಗೆಮನೆ ಆ ಮನೆಯ ಹಿತ್ತಲ ಕಡೆ. ನಡುವೆ ಎರಡು ಬಾಗಿಲು. ಅಲ್ಲಿಯ ಒಗ್ಗರಣೆ ಮುಂದಿನ ಕೋಣೆಯ ಮೈಕಿಗೆ ಕೇಳಿಸಲು ಸಾಧ್ಯವೇ ಇಲ್ಲ. ಅದೇ ಮನೆಯಲ್ಲಿ ಹುಟ್ಟಿ ಬೆಳೆದು, ಅದೇ ಬಾಗಿಲುಗಳಲ್ಲಿ ಬೆರಳು ಸಿಕ್ಕಿಸಿಕೊಂಡ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ತವರಿನ ವಿಷಯಕ್ಕೆ ಬಂದರೆ ಹೆಣ್ಣುಮಕ್ಕಳು ಭೌತಶಾಸ್ತ್ರ ಮರೆತುಬಿಡುತ್ತೇವೆ.

ನನ್ನನ್ನು ಕಂಡು ಅಪ್ಪ ಮೈಕನ್ನು ಬೆಲ್ಲ ಕದ್ದವರಂತೆ ಬೆನ್ನ ಹಿಂದೆ ಹಿಡಿದರು. ಅಮ್ಮನಿಗೆ ಯಾವ ಸಂಕೋಚವೂ ಇರಲಿಲ್ಲ.

"ಲೈಸೆನ್ಸ್ ಇಲ್ದೋರು ಮಾತಾಡ್ಬಾರ್ದು ಅಂತಾರೆ ಇವ್ರು. ಸರಿ, ಮಾತಾಡಲ್ಲ. ಒಗ್ಗರಣೆ ಹಾಕ್ಬಾರ್ದು ಅಂತ ಎಲ್ಲಿದೆ, ತೋರ್ಸಿ ಅಂದೆ. ರೂಲ್ಸ್ ಪುಸ್ತಕ ಪೂರ್ತಿ ಓದಿದ್ರು. ಎಲ್ಲೂ ಇಲ್ಲ!"

"ಹಿನ್ನೆಲೆ ಶಬ್ದ ಅಂತ ತಗೊಂಡೆ" ಎಂದರು ಅಪ್ಪ, ಗೋಡೆಯ ಕಡೆ ನೋಡುತ್ತ.

ನಾನು ಅಳುತ್ತೇನೆಂದು ಅಮ್ಮ ಹೆದರಿರಬೇಕು. "ಅಳ್ಬೇಡ, ಒಗ್ಗರಣೆ ಆರ್ತಿದೆ" ಎಂದು ಸೌಟು ಹಿಡಿದು ಒಳಗೆ ನಡೆದಳು. ನಾನು ಕಣ್ಣು ಒರೆಸಿಕೊಳ್ಳುವ ನೆಪಕ್ಕೆ ರೇಡಿಯೊ ಕಡೆ ತಿರುಗಿದೆ. ಮುಳ್ಳು ಏಳರ ಮೇಲಿತ್ತು.

"ಅಪ್ಪ, ಏಳು ಅಂದ್ರೆ ಉದ್ದದ ತಂತೀದಾ?"

"ಇನ್ನೇನು ಮತ್ತೆ?"

"ಅವತ್ತು ನೀವು ಕತ್ತರಿಸಿದ್ದು ಸಣ್ಣದಲ್ವಾ?"

"ಹೌದು. ಉದ್ದದ್ದು ನಾನೇ ಅಳತೆ ಮಾಡಿ ಕಟ್ಟಿದ್ದು, ಅದ್ರಲ್ಲಿ ನೋಡೋದೇನಿದೆ?"

ಹೊಳೆಯಿತು. ಪುಸ್ತಕ ಓದಿದ ಮೇಷ್ಟ್ರು ಉದ್ದದ್ದೇ ಮೊದಲೆಂದು ಕೆಳಗೆ ಏಳಕ್ಕೆ ಇಟ್ಟುಕೊಂಡು ಕೂತಿದ್ದರು. ಉದ್ದದ್ದು ಸರಿಯಾಗಿಯೇ ಇದೆಯೆಂದು ಅಪ್ಪ ಮೇಲೆ ಸಣ್ಣದನ್ನು ಕತ್ತರಿಸುತ್ತಿದ್ದರು. ಒಬ್ಬರು ಪಲ್ಯದ ಉಪ್ಪು ನೋಡುತ್ತಿದ್ದರೆ ಇನ್ನೊಬ್ಬರು ಸಾರಿಗೆ ಉಪ್ಪು ಹಾಕುತ್ತಿದ್ದರು. "ಯಾವುದರಲ್ಲಿದ್ದೀರಿ?" ಎಂಬ ಒಂದು ಪ್ರಶ್ನೆಯನ್ನು ಇಬ್ಬರಲ್ಲಿ ಯಾರೂ ಕೇಳಲಿಲ್ಲ, ಮರ್ಯಾದೆ!

ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ. ಅವಳು ಸಾರು ತಿರುವುತ್ತ ಕೇಳಿಸಿಕೊಂಡಳು. "ಇಬ್ಬರಿಗೂ ಹೇಳ್ಬೇಡ" ಎಂದಳು. "ಗಂಡಸ್ರಿಗೆ ತಪ್ಪು ತೋರ್ಸಿದ್ರೆ ಅದನ್ನ ಮುಚ್ಚೋಕೆ ಇನ್ನೆರಡು ಮಾಡ್ತಾರೆ. ಭಾನುವಾರ ಇವ್ರನ್ನ ಕಡುಬು ಕೊಟ್ಟು ಕಳಿಸ್ತೀನಿ. ಮೆಟ್ಲ ಮೇಲೆ ನಿಲ್ಲೋಳು ನೀನೇ ತಾನೆ? ನಿನ್ನ ಬಾಯಿಗೇನಾಗಿದೆ?"

ಭಾನುವಾರ ಅಪ್ಪ ಕಡುಬಿನ ಡಬ್ಬಿ ಹಿಡಿದು ಬಂದರು. ಉದ್ದದ ತಂತಿ ಅಟ್ಟದಿಂದ ಇಳಿದು ಬಂತು. ಹೊಸ ಸಣ್ಣ ತಂತಿಯ ಜೊತೆ ಅದನ್ನೂ ಮುಚ್ಚಳಕ್ಕೆ ಬಿಗಿದಾಯಿತು. ಅಪ್ಪ ಮೇಲೆ, ಮೇಷ್ಟ್ರು ಕೆಳಗೆ, ನಾನು ನಡುವೆ.

"ಅಳಿಯಂದಿರು ನೋಡಿದ್ರಾ ಕೇಳು" ಎಂದರು ಅಪ್ಪ.

ನಾನು ಕೆಳಗೆ ಬಗ್ಗಿದೆ. "ರೀ, ಅಪ್ಪ ಕೇಳ್ತಿದಾರೆ. ಈಗ ಏಳರಲ್ಲಿದೀರೋ ಹದಿನಾಲ್ಕರಲ್ಲಿದೀರೋ?"

"ಹಾಗಂತ ಕೇಳಿದ್ರಾ?"

"ಹಾಗೇ ಕೇಳಿದ್ರು."

"ಏಳರಲ್ಲಿ, ಜಾಸ್ತಿ ವಾಪಸ್ ಬರ್ತಿದೆ. ಪುಸ್ತಕದ ಪ್ರಕಾರ ಉದ್ದದ್ದು ಮೊದಲು ಅಂತ..."

ಮೇಲೆ ಬಗ್ಗಿದೆ. "ಅಪ್ಪ, ಏಳರಲ್ಲಿದಾರಂತೆ. ನಿಮ್ಮ ಅಳತೆ ಸರಿಯಾಗೇ ಇದೆಯಂತೆ, ನಮ್ಮ ತಾರಸಿನೇ ತಗ್ಗು ಅಂತೆ. ಅದಕ್ಕೆ ಉದ್ದದ್ದನ್ನ ಒಂದ್ಚೂರು ಕತ್ತರಿಸಿ ಕೊಡ್ತೀರಾ ಅಂತ ಕೇಳ್ತಿದಾರೆ."

ಕಟಿಂಗ್ ಪ್ಲೇಯರ್ ಗಾಳಿಯಲ್ಲೇ ನಿಂತಿತು. "ಹಾಗಂದ್ರಾ? ಅವ್ರೇ?"

"ಅವ್ರೇ."

ಅಪ್ಪ ಮೆಟ್ಟಿಲಿಳಿದು ಕಾಂಪೌಂಡಿಗೆ ಹೋಗಿ ಉದ್ದದ್ದರ ತುದಿ ಕತ್ತರಿಸಿದರು. ಒಳಗಿನಿಂದ, "ಬಂತು! ಇಳೀತು!" ಎಂದು ಮೇಷ್ಟ್ರು ಕೂಗಿದರು. ಅದನ್ನು ನಾನು ಹೇಳಬೇಕಾಗಲಿಲ್ಲ, ಬೀದಿಗೇ ಕೇಳಿಸಿತು. ಆಮೇಲೆ ಹದಿನಾಲ್ಕು. ಆಮೇಲೆ ಸಣ್ಣದರ ತುದಿ. ನಡುವೆ ಅವರು ಕೇಳದ ಎಷ್ಟು ಪ್ರಶ್ನೆ, ಅವರು ಆಡದ ಎಷ್ಟು ಹೊಗಳಿಕೆ ಮೆಟ್ಟಿಲು ಹತ್ತಿ ಇಳಿದವೆಂದರೆ, ಊಟಕ್ಕೆ ಕೂರುವ ಹೊತ್ತಿಗೆ ಮಾವನಿಗೆ ಅಳಿಯ ಬಂಗಾರ, ಅಳಿಯನಿಗೆ ಮಾವ ದೇವರು. ಕೂಗಿ ಕೂಗಿ ನನ್ನ ದನಿ ಮಾತ್ರ ಕೂತುಹೋಗಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಪ್ಪ ಬಂದರು. ಮೋಡ ಇರಲಿಲ್ಲ, ಆದರೂ ಹವಾಮಾನ ಹೇಳಿದರು. ಹೇಳಿ ಸ್ವಲ್ಪ ತಡೆದರು. ಚಟಪಟ ಸಾಸಿವೆ. ಅದರ ಮೇಲೆ ನೀರು ಬಿತ್ತು. ನಾನು ಎದ್ದು ರವೆ ಹುರಿಯಲು ಇಟ್ಟೆ.

ಹೀಗೆ ಎಷ್ಟೋ ವರ್ಷ ನಡೆಯಿತು. ನಾವು ಈ ಸ್ವಂತ ಮನೆಗೆ ಬಂದಾಗಲೂ ಸಾಬೂನು ಮುಚ್ಚಳ ದೇವರ ಪಟಗಳ ಜೊತೆ ಬಂತು. ಈಗ ಅಮ್ಮ ಇಲ್ಲ. ಅಪ್ಪ ನಮ್ಮ ಜೊತೆಗಿದ್ದಾರೆ. ಅಮ್ಮ ಹೋದ ಮೇಲೆ ಅವರು ರೇಡಿಯೊ ಎದುರು ಕೂತಿಲ್ಲ. ಕೂರಿ ಎಂದು ಅಳಿಯ ಹೇಳಿಲ್ಲ, ಹೇಳಿದರೆ ಒತ್ತಾಯ ಮಾಡಿದಂತೆ. ಮೇಷ್ಟ್ರೂ ಭಾನುವಾರಕ್ಕೊಮ್ಮೆ ದೂಳು ಒರೆಸುತ್ತಾರೆ ಅಷ್ಟೇ.

ಸಾಯಂಕಾಲ ಮೇಷ್ಟ್ರು ಶಾಲೆಯಿಂದ ಬಂದು ಸಿಂಬೆ ನೋಡಿದರು. "ಮಾವನವರು ಏನಂತಾರೆ ಕೇಳು. ತೆಗೆದಿಡೋದಾ, ಕಟ್ಟೋದಾ?" ಜಗಲಿಯಿಂದ ಅಪ್ಪ, "ಅಳಿಯಂದಿರು ಹೇಗಂತಾರೋ ಹಾಗೆ ಅಂತ ಹೇಳು" ಎಂದರು. ಇಬ್ಬರ ನಡುವೆ ಇದ್ದದ್ದು ಒಂದು ಹೊಸಿಲು.

"ಕಟ್ಟೋದು" ಎಂದೆ ನಾನು, ಇಬ್ಬರ ಪರವಾಗಿಯೂ.

ಮುನ್ನಾ ಕಂಬ ಹತ್ತಿ ಕಟ್ಟಿದ. ಅಪ್ಪ ನಿಧಾನಕ್ಕೆ ಮೆಟ್ಟಿಲು ಹತ್ತಿ ತಾರಸಿಯ ಕುರ್ಚಿಯಲ್ಲಿ ಪ್ಲೇಯರ್ ಹಿಡಿದು ಕೂತರು. ಮೇಷ್ಟ್ರು ಕೆಳಗೆ ರೇಡಿಯೊ ಹಚ್ಚಿದರು. ಮೇಲಿನಿಂದ ಅಭ್ಯಾಸದಂತೆ ಕರೆ ಬಂತು, "ಏನೇ, ಹೇಗಿದೆ ಕೇಳು."

ತಳ ಹಿಡಿದ ಬೇಳೆ ತಿಕ್ಕಿ, ಎರಡನೇ ಸಲ ಸಾರಿಗೆ ಇಟ್ಟಿದ್ದೆ. "ಒಲೆ ಮುಂದೆ ಇದೀನಿ. ನೀವೇ ಕೇಳ್ಕೊಳ್ಳಿ" ಎಂದು ಕೂಗಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸಾರು ಕುದಿ ಬಂತು. ಆಮೇಲೆ ಮೇಲಿನಿಂದ, ಗಂಟಲು ಸರಿಮಾಡಿಕೊಂಡು, ವಯಸ್ಸಾದ ದನಿಯೊಂದು ಇಳಿಯಿತು.

"ಅಳಿಯಂದಿರೇ... ಯಾವುದ್ರಲ್ಲಿದೀರಿ?"

"ಏಳರಲ್ಲಿದೀನಿ, ಮಾವನವರೇ!"

"ಸರಿ. ಉದ್ದದ್ದು ಮೊದಲು!"

ಹೊಂದಿಸಿದ ಮೇಲೆ ಅಪ್ಪ ಕೆಳಗಿಳಿದು ಬಂದು, ಯಾರೂ ಹೇಳದೆ, ರೇಡಿಯೊ ಎದುರು ಕೂತರು. ಸಾಗರದ ಕಡೆಯ ಯಾರೋ ಸಿಕ್ಕರು. ನಾನು ಒಗ್ಗರಣೆ ಸೌಟು ಹಿಡಿದು ಕೋಣೆಯ ಬಾಗಿಲಿಗೆ ಬಂದೆ. ಸಾಸಿವೆ ಆಗಷ್ಟೇ ಸಿಡಿಯಲು ಶುರುವಾಗಿತ್ತು. ಅಪ್ಪ ನನ್ನನ್ನು ನೋಡಲಿಲ್ಲ. ಮೈಕು ಹಿಡಿದ ಕೈ ಮಾತ್ರ ತಾನಾಗಿ ಪಕ್ಕಕ್ಕೆ ಚಾಚಿತು.

"ನಿಮ್ಮ ಕಡೆ ಏನೋ ಗಲಾಟೆ ಸರ್, ಕರೆಂಟ್ ಲೈನ್ ತೊಂದರೆ ಇರಬೇಕು" ಎಂದಿತು ಸಾಗರ.

ಅಪ್ಪ ಮೈಕನ್ನು ಬಾಯಿಗೆ ತಂದರು. "ತೊಂದರೆ ಅಲ್ಲ, ಸಾಸಿವೆ" ಎಂದರು.

ರಾತ್ರಿ ಅನ್ನ, ಬೇಳೆ ಸಾರು, ಹಪ್ಪಳ. ಸಾರು ಸ್ವಲ್ಪ ಸೀದ ವಾಸನೆಯೇ. ಯಾರೂ ಅನ್ನಲಿಲ್ಲ, ಅದೂ ಮರ್ಯಾದೆ. ಅಪ್ಪ ಎರಡು ಸಲ ಬಡಿಸಿಕೊಂಡರು, ಎರಡನೆಯ ಸಲ ಸಾರಿನ ಪಾತ್ರೆಯನ್ನು ಅಳಿಯನ ಕೈಯಿಂದಲೇ ಕೇಳಿ ತೆಗೆದುಕೊಂಡರು. ಮೊದಲು ಮಲಗಿದ್ದು ಅಪ್ಪ, ಮಾತ್ರೆ ನುಂಗಿಸಿಕೊಂಡು. ಆಮೇಲೆ ಮೇಷ್ಟ್ರು. ನಾನು ದೋಸೆಗೆ ರುಬ್ಬಿಟ್ಟು, ರೇಡಿಯೊದ ಮುಳ್ಳು ಏಳರಲ್ಲೇ ಇದೆಯೇ ಎಂದು ನೋಡಿ, ಕೊನೆಗೆ.